ಪಾಸ್ಟರಿಗೂ ಬೀಗದಕ್ಕನಿಗೂ ಪಿಂಚಣಿ ಕಟ್ಟಬೇಕಾದವರು ಯಾರು?

ನಮ್ಮ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರಿಗೆ ಎಪ್ಪತ್ತು ದಾಟಿದೆ. ಎದ್ದರೆ ಮೊಣಕಾಲು ಕಟಕಟ ಎನ್ನುತ್ತದೆ, ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ಆದರೂ ದೀಕ್ಷಾಸ್ನಾನಕ್ಕೆ ಅವರೇ ತೊಟ್ಟಿಗಿಳಿಯಬೇಕಿತ್ತು. ನಮ್ಮಲ್ಲಿ ತಲೆಗೆ ನಾಲ್ಕು ಹನಿ ಚಿಮುಕಿಸಿದರೆ ಆಗದು. ಬೆಳೆದ ಆಳನ್ನು ಹಿಂದಕ್ಕೆ ಬಾಗಿಸಿ, ಪೂರ್ತಿ ಮುಳುಗಿಸಿ ಎತ್ತಬೇಕು.

ಒಂದು ಭಾನುವಾರ ಮುಳುಗಬೇಕಾಗಿದ್ದವನು ನನ್ನ ದೊಡ್ಡಪ್ಪನ ಮಗ ಗುಂಡಣ್ಣ. ಲಾರಿ ಟೈರು ಬಿಚ್ಚಿ ಹಾಕುವ ಕೆಲಸ. ಮೈಯೂ ಅದಕ್ಕೆ ತಕ್ಕ ಹಾಗಿದೆ. ಪಾಸ್ಟರ್ ಮುಳುಗಿಸಿದರು. ಎತ್ತುವಾಗ ಅವರ ಸೊಂಟ ಕೈಕೊಟ್ಟಿತು. ಇಬ್ಬರೂ ಗುಳುಂ! ಮರುಕ್ಷಣ ಗುಂಡಣ್ಣನೇ ಪಾಸ್ಟರನ್ನು ಮಗುವಿನ ಹಾಗೆ ಎತ್ತಿಕೊಂಡು ಮೇಲೆದ್ದ.

"ಯಾರು ಯಾರಿಗೆ ದೀಕ್ಷೆ ಕೊಟ್ಟಂಗಾಯ್ತು?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಪಾಸ್ಟರ ಕೆಮ್ಮು ನಿಲ್ಲಲಿಲ್ಲ. ಆಮೇಲೆ ನಗು ನಿಂತಿತು.

ಮಧ್ಯಾಹ್ನ ದೊಡ್ಡಪ್ಪನ ಮನೆಯಲ್ಲಿ ಇದೇ ಮಾತು. ದೊಡ್ಡಪ್ಪ ಚರ್ಚಿನ ಖಜಾಂಚಿ. ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು.

"ಈ ವಯಸ್ಸಲ್ಲಿ ಇವರಿಗೆ ಬೇಕಾ ಇದು? ಕೆಲಸ ಬಿಟ್ಟು ಮನೇಲಿ ಕೂರಬಾರದಾ?" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಯಾವ ಮನೇಲಿ ದೊಡ್ಡಪ್ಪ? ಈಗಿರೋದು ಚರ್ಚಿನ ಮನೆ. ಕೆಲಸ ಬಿಟ್ಟರೆ ಅದನ್ನೂ ಬಿಡಬೇಕು. ಬಾಡಿಗೆ ಕಟ್ಟೋಕೆ ಪಿಂಚಣಿ ಎಲ್ಲಿದೆ?"

"ಅದನ್ನೆಲ್ಲ ಮೇಲಿನವರು ನೋಡ್ಕೋತಾರೆ ಬಿಡೋ."

ಬಟ್ಟೆ ಮಡಿಸುತ್ತಿದ್ದ ಅತ್ತಿಗೆ ತಲೆಯೆತ್ತಿದರು. ಗುಂಡಣ್ಣನ ಹೆಂಡತಿ ಅವರು. ಕಾರ್ಖಾನೆಯೊಂದರಲ್ಲಿ ಸಂಬಳ, ಪಿಂಚಣಿ ನೋಡಿಕೊಳ್ಳುವ ಕೆಲಸ.

"ಯಾವ ಮೇಲಿನವರು ಮಾವ? ದೇವರಾ?"

"ಒಕ್ಕೂಟದವರು ಕಣಮ್ಮ. ನಮ್ಮ ಚರ್ಚುಗಳ ಒಕ್ಕೂಟ ಇಲ್ವಾ?"

"ಒಕ್ಕೂಟ ಪಿಂಚಣಿ ಯೋಜನೆ ಮಾಡಿಟ್ಟಿದೆ. ಅದಕ್ಕೆ ಅವರನ್ನ ಸೇರಿಸಿ ಪಾಲು ಕಟ್ಟಬೇಕಾದವರು ನಾವು. ನಮಗೇನು ಮೇಲೆ ಕೂತು ಆಳೋಕೆ ಬಿಷಪ್ ಇದ್ದಾರಾ? ಪಾಸ್ಟರನ್ನ ಕರೆದಿದ್ದು ನಾವು, ಸಂಬಳ ಗೊತ್ತು ಮಾಡಿದ್ದು ನಾವು. ಕಿಟಕಿ ಪರದೆ ಯಾವ ಬಣ್ಣ ಅಂತ ಜಗಳ ಆಡಿ ಓಟು ಹಾಕಿದ್ದೂ ನಾವೇ. ಪಿಂಚಣಿ ಅಂದ ತಕ್ಷಣ ಮೇಲಿನವರಾ?"

"ಪರದೆ ವಿಷಯ ಎತ್ತಬೇಡ ಮಾರಾಯ್ತಿ, ಅಪ್ಪನ ನೀಲಿ ಸೋತುಹೋಯ್ತು," ಎಂದ ಗುಂಡಣ್ಣ.

ದೊಡ್ಡಪ್ಪ ನಗಲಿಲ್ಲ. "ಅವರು ದೇವರ ಸೇವಕರು, ನಂಬಿಕೆ ಮೇಲೆ ಬದುಕೋರು. ಒಂದಿನಾನೂ ಬಾಯಿಬಿಟ್ಟು ಕೇಳಿಲ್ಲ."

"ಕೇಳಿದ್ರೆ ದುಡ್ಡಿನಾಸೆ ಅಂತೀರಿ, ಕೇಳದಿದ್ರೆ ಬೇಡವಂತೆ ಅಂತೀರಿ!" ನಾನು ಎದ್ದು ನಿಂತೆ. "ಕಂಬ ಹತ್ತಿದ್ದಕ್ಕೆ ನೀವು ಪಿಂಚಣಿ ತಗೋತೀರಲ್ಲ, ನಿಮಗೆ ನಂಬಿಕೆ ಇಲ್ವಾ?"

"ಲೇ, ಸ್ಕೂಲು ಬಿಟ್ಟು ಓಡಿದವನು ನನಗೆ ಬುದ್ಧಿ ಹೇಳ್ತೀಯಾ?"

"ಅದಕ್ಕೇ ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ."

"ಕೂತ್ಕೋ ಸುಮ್ನೆ," ಎಂದು ಅತ್ತಿಗೆ ನನ್ನನ್ನು ಗದರಿದರು. "ಮಾವ, ನಿಮ್ಮದು ದುಡಿದ ಪಿಂಚಣಿ. ಕೆಲಸಕ್ಕೆ ಸೇರಿದ ತಿಂಗಳಿಂದಲೇ ನಿಮ್ಮ ಪಾಲು, ಕಂಪನಿ ಪಾಲು ಎರಡೂ ಕಟ್ಟಿದ್ರಿಂದ ಬಂತು. ಪಾಸ್ಟರಿಗೆ ಕಂಪನಿ ಅಂದ್ರೆ ನಾವೇ. ಬೀಗದಕ್ಕನಿಗೂ ನಾವೇ."

ಬೀಗದಕ್ಕ ಎಂದರೆ ಚರ್ಚಿನ ಬಾಗಿಲು ತೆಗೆಯುವ, ನೆಲ ಒರೆಸುವ, ಆ ತೊಟ್ಟಿಯನ್ನು ಉಜ್ಜಿ ನೀರು ತುಂಬಿಸುವ ಹೆಂಗಸು.

"ಅವಳಿಗೂನಾ?"

"ಅವಳ ಸೊಂಟ ಕಬ್ಬಿಣದ್ದಾ ಮಾವ?"

ದೊಡ್ಡಪ್ಪ ಇನ್ನೊಂದು ದಾರಿ ಹುಡುಕಿದರು. "ಬೀಳ್ಕೊಡೋ ದಿನ ಒಳ್ಳೇ ಕಾಣಿಕೆ ಎತ್ತೋಣ. ಜೊತೆಗೊಂದು ಗೋಡೆ ಗಡಿಯಾರ."

"ಗಡಿಯಾರ ಬೇಯಿಸ್ಕೊಂಡು ತಿನ್ನೋಕಾಗುತ್ತಾ ಅಪ್ಪ?" ಎಂದ ಗುಂಡಣ್ಣ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ನೀರಿಂದ ಎತ್ತಿದಾಗ ನನ್ನ ಕಿವೀಲಿ ಏನಂದ್ರು ಗೊತ್ತಾ? 'ಸೊಂಟ ಹೋಗಿದೆ ಅಂತ ಯಾರಿಗೂ ಹೇಳಬೇಡಪ್ಪ, ಕೆಲಸದಿಂದ ತೆಗೀತಾರೆ.' ನಮ್ಮನ್ನ ಕಂಡ್ರೆ ಹೆದರ್ತಾರಪ್ಪ ಅವರು."

ದೊಡ್ಡಪ್ಪನ ಮುಖ ಸಣ್ಣದಾಯಿತು. ಆಮೇಲೆ, "ಈಗೇನು ಮಾಡ್ಬೇಕು ಹೇಳಮ್ಮ," ಎಂದರು.

ಅತ್ತಿಗೆ ಬಿಡಿಸಿ ಹೇಳಿದರು. ಕಟ್ಟದ ವರ್ಷಗಳಿಗೆ ಯಾವ ಯೋಜನೆಯೂ ಪಿಂಚಣಿ ಕೊಡುವುದಿಲ್ಲ. ಆದ್ದರಿಂದ ಈ ಪಾಸ್ಟರಿಗೆ, ಅವರ ನಂತರ ಅವರ ಹೆಂಡತಿಗೆ, ಬದುಕಿರುವ ತನಕ ಚರ್ಚೇ ತಿಂಗಳು ತಿಂಗಳು ಕೊಡಬೇಕು. ಅದು ಬಾಯಿಮಾತಿನಲ್ಲಿ ಉಳಿಯಬಾರದು, ಠರಾವು ಆಗಬೇಕು. ಬೀಗದಕ್ಕನನ್ನು ಈ ತಿಂಗಳೇ ಯೋಜನೆಗೆ ಸೇರಿಸಬೇಕು, ಮುಂದೆ ಬರುವ ಪಾಸ್ಟರನ್ನು ಮೊದಲ ಸಂಬಳದಿಂದಲೇ. ಚಾವಣಿ ಸೋರಲಿ, ಗೋಡೆ ಬೀಳಲಿ, ಆ ಹಣಕ್ಕೆ ಮಾತ್ರ ಕೈ ಹಾಕಬಾರದು.

ಸದಸ್ಯರ ಸಭೆಯಲ್ಲಿ ಠರಾವು ಮಂಡಿಸಿದವರು ದೊಡ್ಡಪ್ಪನೇ. "ಹೊಸ ಮೈಕು ತರ್ತೀವಿ ಅಂದಿದ್ರಲ್ಲ?" ಎಂದು ಒಬ್ಬರು ಗೊಣಗಿದರು. "ಹಳೇದೇ ಗೊರಗೊರ ಅನ್ನಲಿ ಕೂತ್ಕೊಳ್ರೀ," ಎಂದರು ದೊಡ್ಡಪ್ಪ. ಠರಾವು ಪಾಸಾಯಿತು. ಬೀಗದಕ್ಕ ಅತ್ತಿಗೆಯ ಕೈ ಹಿಡಿದು, "ನಾನೇನು ತಪ್ಪು ಮಾಡ್ದೆ, ನನ್ನ ಹೆಸರು ಯಾಕೆ ಕೂಗಿದ್ರು?" ಎಂದು ಕೇಳಿದಳು. ಅವಳ ಹೆಸರು ಆ ಸಭೆಯಲ್ಲಿ ಒಳ್ಳೆಯದಕ್ಕೆ ಬಂದದ್ದು ಅದೇ ಮೊದಲು!

ಪಾಸ್ಟರ್ ಈಗ ಕೆಲಸ ಬಿಟ್ಟು ವಿಶ್ರಾಂತಿಯಲ್ಲಿದ್ದಾರೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಸೊಂಟ ಗಟ್ಟಿ ಇದ್ದಾಗಲೇ ಬಿಡಬಹುದಾಗಿದ್ದ ಕೆಲಸವನ್ನು, ನಮ್ಮ ಸೋಮಾರಿತನದಿಂದಾಗಿ ಅವರು ಸೊಂಟ ಮುರಿಯುವ ತನಕ ಮಾಡಿದರು.

ಇದನ್ನು ಓದುತ್ತಿರುವವರೇ, ನಿಮ್ಮ ಚರ್ಚಿನ ಮುಂದಿನ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿ. ನಮ್ಮ ಪಾಸ್ಟರ್, ಗುಮಾಸ್ತರು, ನೆಲ ಒರೆಸುವವರು ಯಾವ ಪಿಂಚಣಿ ಯೋಜನೆಯಲ್ಲಿದ್ದಾರೆ? ಈ ತಿಂಗಳ ನಮ್ಮ ಪಾಲು ಕಟ್ಟಿದ್ದೀವಾ? ವಿಚಾರಿಸಿ ಹೇಳ್ತೀವಿ ಎಂದರೆ, ಯಾವತ್ತು ಎಂದು ಕೇಳಿ. ಉತ್ತರ ಸಿಗುವ ತನಕ ಕೂರಬೇಡಿ.