ಅಕ್ಕ ಎದ್ದರೆ

ಒಂದು ಸಭೆ ಯಾವಾಗ ಎದ್ದು ನಿಲ್ಲಬೇಕು ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಇದಕ್ಕಿಂತ ಸಣ್ಣ ಪ್ರಶ್ನೆಗಳಿಗೆ ದೊಡ್ಡ ದೊಡ್ಡ ಧರ್ಮಸಭೆಗಳು ಇಬ್ಭಾಗವಾಗಿವೆ. ಆದ್ದರಿಂದ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ, ಹೊಸದಾಗಿ ಬಂದ ಪಾದ್ರಿಗಳು ಗೀತೆಯ ಸಂಖ್ಯೆ ಹೇಳಿ, ಎರಡೂ ಅಂಗೈಗಳನ್ನು ಮೇಲಕ್ಕೆತ್ತಿ, "ಎಲ್ಲರೂ ಏಳೋಣ" ಎಂದಾಗ ಒಂದು ನರಪಿಳ್ಳೆಯೂ ಏಳದೆ ಹೋದದ್ದನ್ನು ಅವರು ಮನಸ್ಸಿಗೆ ಹಚ್ಚಿಕೊಂಡದ್ದು ಸಹಜವೇ ಆಗಿತ್ತು. ಅಂಗೈಗಳು ಗಾಳಿಯಲ್ಲೇ ಉಳಿದವು. ಆಮೇಲೆ ಹಿಂಬದಿಯ ಅಟ್ಟದ ಮೇಲೆ, ಪರದೆಯ ಆಚೆ, ಆರ್ಗನ್ನಿನ ಮುಂದಿನ ಸ್ಟೂಲು 'ಕಿರ್' ಎಂದಿತು. ಮೂರನೆಯ ಸಾಲಿನ ತುದಿಯಲ್ಲಿ ಅಕ್ಕ ಎದ್ದಳು. ಸಭೆಯೂ ಎದ್ದಿತು. ಆ ಬಳಿಕವೇ ಆರ್ಗನ್ ದೀರ್ಘವಾಗಿ ಉಸಿರೆಳೆದುಕೊಂಡು ಮೊದಲ ಸ್ವರ ಬಿಟ್ಟಿತು.

ಆರಾಧನೆ ಮುಗಿದ ಮೇಲೆ ಪಾದ್ರಿಗಳು ನಿಲುವಂಗಿ ಕಳಚುವ ಕೋಣೆಯಲ್ಲಿ ಸಭೆಯ ಹಿರಿಯರನ್ನು ಕೇಳಿದರು. ಹಿರಿಯರು ನಿವೃತ್ತ ಪೋಸ್ಟ್ ಮಾಸ್ಟರ್. ಯಾವ ಪ್ರಶ್ನೆಗೂ ಮುದ್ರೆ ಒತ್ತಿದಂತೆ ಉತ್ತರ ಕೊಡುವವರು.

"ನಾನು ಏಳಿ ಅಂದದ್ದು ಕೇಳಿಸಲಿಲ್ವಾ?"

"ಚೆನ್ನಾಗಿ ಕೇಳಿಸ್ತು. ಆದ್ರೆ ಅಕ್ಕ ಎದ್ದಿರಲಿಲ್ವಲ್ಲ."

"ಅಕ್ಕ ಅಂದ್ರೆ ನಿಮ್ಮ ಅಕ್ಕನಾ?"

"ಎಲ್ಲರ ಅಕ್ಕ. ನನಗಿಂತ ಚಿಕ್ಕವಳು."

ವಿಷಯ ಇಷ್ಟೇ. ಆರ್ಗನ್ ನುಡಿಸುವವನು ಅವಳ ತಮ್ಮ. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣಿಗೆ ಗಾಜು ಕೂರಿಸುತ್ತಿದ್ದ. ಭಾನುವಾರ ಅಟ್ಟ ಹತ್ತುತ್ತಿದ್ದ. ಅವನು ಅಕ್ಕ ಎನ್ನುತ್ತಿದ್ದುದರಿಂದ ಊರೂ ಅಕ್ಕ ಎಂದಿತು. ಅವನು ನುಡಿಸಲು ಶುರುಮಾಡುವ ಗಳಿಗೆ ಅವನಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಪುಸ್ತಕ ತಿರುವುತ್ತಿದ್ದ, ಕನ್ನಡಕ ಒರೆಸುತ್ತಿದ್ದ, ಕೊನೆಗೆ ಮುಂದಕ್ಕೆ ಬಾಗುತ್ತಿದ್ದ. ಬಾಗಿದಾಗ ಸ್ಟೂಲು ಕಿರುಗುಟ್ಟುತ್ತಿತ್ತು. ಅದು ಕೇಳಿಸುತ್ತಿದ್ದುದು ಅಕ್ಕನಿಗೊಬ್ಬಳಿಗೇ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಊರಿನ ಮಾತೆಲ್ಲ ಅವಳ ಕಿವಿಯ ಮೂಲಕ ಹಾದುಹೋಗಿತ್ತು, ಬಾಯಿಂದ ಒಂದೂ ಹೊರಬಿದ್ದಿರಲಿಲ್ಲ. ಅವಳು ಎದ್ದರೆ ಗೀತೆ ಬಂತೆಂದೇ ಅರ್ಥ. ಇದು ಎಷ್ಟು ಕಾಲದಿಂದ ನಡೆದುಬಂದಿತ್ತೆಂದರೆ, ಜನರ ಮೊಣಕಾಲುಗಳು ಈಗ ಯಜಮಾನರನ್ನು ಕೇಳದೆಯೇ ಅವಳನ್ನು ಹಿಂಬಾಲಿಸುತ್ತಿದ್ದವು.

ಪಾದ್ರಿಗಳು ಒಳ್ಳೆಯ ಹುಡುಗ. ಸುಧಾರಣೆಯಲ್ಲಿ ನಂಬಿಕೆ ಇದ್ದವರು. ಕ್ರಿಸ್‌ಮಸ್ ಹೊತ್ತಿಗೆ ಅಂಗೈ ಎತ್ತುವುದನ್ನು ಬಿಟ್ಟು ತಲೆಯಾಡಿಸಿ ನೋಡಿದರು, ಗಂಟಲು ಸರಿಮಾಡಿಕೊಂಡು ನೋಡಿದರು. ಹೊಸ ವರ್ಷ ಕಳೆಯುವಷ್ಟರಲ್ಲಿ ಸಂಖ್ಯೆ ಹೇಳಿ ತಾವೂ ಮೂರನೆಯ ಸಾಲನ್ನೇ ನೋಡತೊಡಗಿದರು. ಸುಧಾರಣೆ ಅಲ್ಲಿಗೆ ನಿಂತಿತು.

ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಬಂದು ಬಲಿಪೀಠಕ್ಕೆ ನೇರಳೆ ಬಟ್ಟೆ ಹೊದಿಸಿದರು, ಹೂವಿನ ಕುಂಡಗಳನ್ನು ಒಳಗಿಟ್ಟರು. ಅದೇ ವಾರ ಗಾಯಕವೃಂದಕ್ಕೆ ಔಷಧದಂಗಡಿಯಾಕೆ ಸೇರಿಕೊಂಡಳು. ಗಂಡ ತೀರಿಕೊಂಡು ವರ್ಷಗಳಾಗಿದ್ದ, ಮಿತವಾಗಿ ಮಾತನಾಡುವ ಹೆಂಗಸು. ಕಂಠ ಮಂದ್ರದ್ದು, ಒಮ್ಮೆಯೂ ದಾರಿ ತಪ್ಪದ್ದು. ಅಕ್ಕನಿಗೆ ಆಕೆಯ ಮೇಲೆ ಯಾವ ಅಭಿಪ್ರಾಯವೂ ಇರಲಿಲ್ಲ. ಮೂರನೇ ವಾರ ಅಭಿಪ್ರಾಯ ಹುಟ್ಟಿತು.

ಅವಳ ತಮ್ಮನ ನಿಧಾನ ಊರಿಗೇ ಗೊತ್ತಿದ್ದದ್ದು. ಅವನ ಗೀತೆಯ ಎರಡು ಸಾಲುಗಳ ನಡುವೆ ಒಬ್ಬ ಪಾಪಿ ಪಶ್ಚಾತ್ತಾಪ ಪಟ್ಟು ಮತ್ತೆ ಪಾಪ ಮಾಡಿ ಬರಬಹುದು ಎಂದು ಪೋಸ್ಟ್ ಮಾಸ್ಟರ್ ಹೇಳುತ್ತಿದ್ದರು. ಆ ಭಾನುವಾರ, ಕಣ್ಣೀರಿನದೇ ಆದ ಒಂದು ಗೀತೆ, ಮೆರವಣಿಗೆ ಹೊರಟಂತೆ ಹೊರಟಿತು. ಮುದುಕರು ಎರಡನೇ ಚರಣದಲ್ಲೇ ಹಿಂದೆ ಬಿದ್ದರು. ಅಕ್ಕ ಹಾಡುವುದನ್ನು ನಿಲ್ಲಿಸಿ, ಮುಂದೆ ನಿಂತಿದ್ದ ಗಾಯಕವೃಂದದ ಕಡೆ ತಿರುಗಿ, ಒಂದೊಂದೇ ಮುಖ ನೋಡುತ್ತ ಬಂದು, ಮಂದ್ರ ಕಂಠದ ಮುಖದ ಮೇಲೆ ಕಣ್ಣು ನಿಲ್ಲಿಸಿದಳು. ಔಷಧದಂಗಡಿಯಾಕೆ ಪುಸ್ತಕದಲ್ಲಿ ಮುಖ ಹುದುಗಿಸಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

"ಇವತ್ತೇನು, ಅಟ್ಟಕ್ಕೆ ಬೆಂಕಿ ಬಿದ್ದಿತ್ತಾ?" ಎಂದು ಅಕ್ಕ ಮನೆಯಲ್ಲಿ ತಮ್ಮನನ್ನು ಕೇಳಿದಳು.

"ಯಾಕಕ್ಕ?"

"ಯಾಕೂ ಇಲ್ಲ. ಊಟ ಮಾಡು."

ಈಸ್ಟರ್ ಕಳೆದ ಸಂಜೆ ಅವನು ಹೇಳಿದ. ಅವಳು ಅವನ ಬಿಳಿಯ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದ.

"ಅಕ್ಕ, ಔಷಧದಂಗಡಿಯವರು ಇದ್ದಾರಲ್ಲ..."

"ಇದ್ದಾರೆ."

"ನಾವಿಬ್ಬರೂ ಯೋಚನೆ ಮಾಡಿದ್ವಿ. ಈ ವಯಸ್ಸಲ್ಲಿ ಅಂತ ನಗಬೇಡ. ನೀನು ಸರಿ ಅಂದ್ರೆ ಮಾತ್ರ."

ಇಸ್ತ್ರಿಪೆಟ್ಟಿಗೆ ತೋಳಿನ ಉದ್ದಕ್ಕೂ ಹೋಗಿ ಹಿಂದಕ್ಕೆ ಬಂತು. "ನನ್ನನ್ನೇನು ಕೇಳ್ತೀಯ? ನಾನೇನು ಬಿಷಪ್ಪಾ?"

ಅದು ಸರಿ ಎಂದಲ್ಲ, ಬೇಡ ಎಂದೂ ಅಲ್ಲ. ತಂದೆತಾಯಿ ಒಬ್ಬರ ಹಿಂದೊಬ್ಬರು ಹೋದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅಂದಿನಿಂದ ಈ ಮನೆಯ ಎರಡು ಮಲಗುವ ಕೋಣೆ, ಒಂದು ಅಡುಗೆಮನೆ, ನೀರು ಕಾಯಿಸುವ ಒಂದು ಕೆಟಲ್, ಎಲ್ಲಕ್ಕೂ ಅವಳೇ ಅಧಿಪತಿ. ಯಾವ ಕಪಾಟಿನ ಬಾಗಿಲನ್ನು ಎತ್ತಿ ತೆರೆಯಬೇಕು, ಯಾವುದನ್ನು ಒದ್ದು ಮುಚ್ಚಬೇಕು ಎಂಬುದು ಅವಳ ಕೈಗೆ ಗೊತ್ತು. ಈಗ ಇನ್ನೊಬ್ಬಳು ಬಂದು ಕೆಟಲನ್ನು ಒಲೆಯ ಎಡಕ್ಕಿಡುತ್ತಾಳೆ. ತಾನು ಕೂದಲು ಬೆಳ್ಳಗಾದ ಮೇಲೆ ಅತ್ತಿಗೆಯಾಗಿ ಬಡ್ತಿ ಪಡೆಯಬೇಕು. ಆಮೇಲೆ ಒಂದು ದಿನ, ಬಹಳ ಮರ್ಯಾದೆಯಿಂದ, "ಅಕ್ಕನಿಗೆ ಹಿಂದಿನ ಕೋಣೆ ಅನುಕೂಲ ಅಲ್ವಾ?" ಎನ್ನುತ್ತಾರೆ. ಇದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಸಣ್ಣತನ. ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಅವಳು ನಿದ್ದೆ ಬಿಟ್ಟಳು.

ಬಲಿಪೀಠದ ಬಟ್ಟೆ ಬೆಳ್ಳಗಾಯಿತು, ಪವಿತ್ರಾತ್ಮನ ದಿನಕ್ಕೆ ಕೆಂಪಾಯಿತು, ಆಮೇಲೆ ಆ ಮುಗಿಯದ ಹಸಿರು ಶುರುವಾಯಿತು. ಪಾದ್ರಿಗಳು ರಜೆಗೆ ಹೋದರು, ಬದಲಿಗೆ ಬಂದವರು ಉಪದೇಶ ಮಾಡುತ್ತ ತಾವೇ ತೂಕಡಿಸಿದರು. ಅಕ್ಕ ಎಲ್ಲರೊಡನೆ ಎಲ್ಲ ಮಾತಾಡಿದಳು, ಆ ಒಂದು ಮಾತು ಬಿಟ್ಟು. ಪೋಸ್ಟ್ ಮಾಸ್ಟರ್ ಎದುರಿಗೆ ಮಾತ್ರ ಔಷಧದಂಗಡಿಯಾಕೆಯನ್ನು 'ಮಾತ್ರೆ' ಎನ್ನುತ್ತಿದ್ದಳು. "ಮಾತ್ರೆ ಇವತ್ತು ಹೊಸ ಸ್ವೆಟರ್ ಹಾಕಿದ್ದಾಳೆ."

"ನುಂಗಿಬಿಡು ಅಕ್ಕ, ಕಹಿ ಇರಲ್ಲ," ಎಂದರು ಅವರು. ಎರಡು ಭಾನುವಾರ ಅವರಿಗೆ ಅಕ್ಕನ ಮನೆಯ ಚಹಾ ಸಿಗಲಿಲ್ಲ.

ಮೊಣಕಾಲು ನೋವಿಗೆ ಔಷಧ ಬೇಕಾದಾಗ ಮಾತ್ರ ಅವಳು ಆ ಅಂಗಡಿಗೆ ಹೋಗಲೇಬೇಕಾಯಿತು. ಔಷಧದಂಗಡಿಯಾಕೆ ಪೊಟ್ಟಣ ಕಟ್ಟಿ, ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

"ಅಕ್ಕ, ಬೇಡ ಅಂತಾದ್ರೂ ಹೇಳಿಬಿಡಿ, ನನಗೆ ಬೇಜಾರಿಲ್ಲ. ನಿಮ್ಮ ಬಾಯಿಂದ ಬರದೆ ನಾನು ಆ ಮನೆ ಹೊಸಿಲು ತುಳಿಯಲ್ಲ. ಅವರಿಗೂ ಹೇಳಿದ್ದೀನಿ."

"ಇದು ಊಟಕ್ಕೆ ಮೊದಲೋ, ಆಮೇಲೋ?"

"ಆಮೇಲೆ," ಎಂದು ಆಕೆ ಪೊಟ್ಟಣ ಕೊಟ್ಟಳು. ಜಗಳಕ್ಕೆ ನಿಲ್ಲುವ ಹೆಂಗಸಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ ಅಕ್ಕ ಮನೆಗೆ ಬಂದಳು.

ಕೊಯ್ಲಿನ ಕೃತಜ್ಞತಾ ಆರಾಧನೆ ಮುಗಿದು, ಕಾಣಿಕೆಗೆ ಬಂದ ಕುಂಬಳಕಾಯಿಗಳನ್ನು ಯಾರು ಒಯ್ಯಬೇಕೆಂಬ ವಾರ್ಷಿಕ ಮನಸ್ತಾಪವೂ ಮುಗಿದ ಮೇಲೆ ಪಾದ್ರಿಗಳು ಕನ್ನಡಕದ ಅಂಗಡಿಗೆ ಹೋಗಿ ಎಚ್ಚರಿಸಿದರು. ಆಗಮನ ಕಾಲದಲ್ಲಿ ಈ ಚರ್ಚಿನಲ್ಲಿ ಮದುವೆ ಇಲ್ಲ. ಅದಕ್ಕೆ ಮೊದಲು ಆಗಬೇಕೆಂದರೆ ಮೂರು ಭಾನುವಾರ ಸಭೆಯಲ್ಲಿ ಹೆಸರು ಓದಿ, ಯಾರಿಗಾದರೂ ಅಡ್ಡಿಯುಂಟೇ ಎಂದು ಕೇಳಬೇಕು. ತಮ್ಮ ಒಪ್ಪಿದ, ಮೂರನೇ ಓದಿನ ಮುಂದಿನ ಶನಿವಾರಕ್ಕೆ ಮದುವೆ ಗೊತ್ತಾಯಿತು. ಔಷಧದಂಗಡಿಯಾಕೆ, "ಓದಲಿ. ಅಕ್ಕ ಹೇಳದಿದ್ರೆ ಶನಿವಾರ ನಾನು ಅಂಗಡಿ ತೆಗೀತೀನಿ, ಅಷ್ಟೇ," ಎಂದಳು.

ಮೊದಲ ಸಲ ಓದಿದಾಗ ಎಲ್ಲರೂ ಅಕ್ಕನ ಬೆನ್ನು ನೋಡಿದರು. ಎರಡನೇ ಸಲವೂ ನೋಡಿದರು. ಬೆನ್ನು ಏನನ್ನೂ ಹೇಳಲಿಲ್ಲ.

ಮೂರನೇ ಸಲ ಅವಳು ಕೇಳಿಸಿಕೊಳ್ಳಬಾರದೆಂದೇ ತೀರ್ಮಾನಿಸಿ ಬಂದಿದ್ದಳು. ಪಾದ್ರಿಗಳು ಹೆಸರುಗಳನ್ನು ಓದುತ್ತಿದ್ದಾಗ ಅವಳು ಮನಸ್ಸಿನಲ್ಲೇ ಅಡುಗೆಮನೆಗೆ ಹೋಗಿ ಕಪಾಟುಗಳನ್ನು ಹಂಚುತ್ತಿದ್ದಳು: ಕಿಟಕಿ ಪಕ್ಕದ್ದನ್ನು ಬೇಕಾದರೆ ಕೊಡಬಹುದು, ಒಲೆ ಮೇಲಿನದನ್ನು ಪ್ರಾಣ ಹೋದರೂ ಕೊಡಲಾಗದು. "ಇವರ ವಿವಾಹಕ್ಕೆ ನ್ಯಾಯವಾದ ಅಡ್ಡಿ ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ಈಗಲೇ ತಿಳಿಸಿ" ಎಂದರು ಪಾದ್ರಿಗಳು. ಅಟ್ಟದ ಮೇಲೆ ಮದುಮಗನಿಗೆ ಕೂರಲಾಗಲಿಲ್ಲ. ಕೆಳಗೆ ಏನಾಗುತ್ತಿದೆಯೆಂದು ನೋಡಲು ಮುಂದಕ್ಕೆ ಬಾಗಿದ.

ಸ್ಟೂಲು ಕಿರ್ ಎಂದಿತು.

ಅಕ್ಕ ಎದ್ದಳು. ಅವಳ ಹಿಂದೆ ಇಡೀ ಸಭೆ ಎದ್ದಿತು.

ಬೆಂಚುಗಳ ಸದ್ದು ಅಡಗಿತು. ಆರ್ಗನ್ ಉಸಿರೆಳೆಯಲಿಲ್ಲ. ಒಂದು ಮದುವೆಗೆ ಇಡೀ ಸಭೆಯೇ ಒಮ್ಮತದಿಂದ ಅಡ್ಡಿಯೊಡ್ಡಿ ನಿಂತಾಗ ಏನು ಮಾಡಬೇಕೆಂದು ಪಾದ್ರಿಗಳ ಪುಸ್ತಕದಲ್ಲಿ ಬರೆದಿರಲಿಲ್ಲ. ಅವರು ಎರಡು ಹಾಳೆ ತಿರುವಿ ನೋಡಿದರು. "ದಯವಿಟ್ಟು ಕೂತ್ಕೊಳ್ಳಿ" ಎಂದರು. ಯಾರೂ ಕೂರಲಿಲ್ಲ. ಅಕ್ಕ ಇನ್ನೂ ನಿಂತಿದ್ದಳು.

ಅವಳಿಗೆ ತಾನು ಮಾಡಿದ್ದು ಅರ್ಥವಾದದ್ದು ಎದುರಿಗಿದ್ದ ಗಾಯಕವೃಂದವನ್ನು ನೋಡಿದಾಗ. ಅಲ್ಲಿ ಔಷಧದಂಗಡಿಯಾಕೆಯೂ ನಿಂತಿದ್ದಳು. ಮುಖದಲ್ಲಿ ರಕ್ತವಿಲ್ಲ, ಕೈಯಲ್ಲಿ ಪುಸ್ತಕ, ಬೆರಳು ಗೀತೆಯ ಹಾಳೆಯ ಮೇಲೆ.

"ನೀನ್ಯಾಕೆ ಎದ್ದೆ?" ಎಂದಳು ಅಕ್ಕ. ಚರ್ಚಿನಲ್ಲಿ ಅಷ್ಟು ಜೋರಾಗಿ ಅವಳೆಂದೂ ಮಾತಾಡಿರಲಿಲ್ಲ. ಬಹುವಚನ ಬಿಟ್ಟುಹೋಗಿತ್ತು.

"ನೀವು ಎದ್ರಲ್ಲಾ, ಅಕ್ಕ."

ಹಿಂದಿನಿಂದ ಯಾರೋ ನಗಲು ಹೋಗಿ ಕೆಮ್ಮಿದರು. ಅಕ್ಕ ಔಷಧದಂಗಡಿಯಾಕೆಯನ್ನೇ ನೋಡಿದಳು. ತನ್ನ ಮದುವೆಗೆ ತಾನೇ ಅಡ್ಡಿ ಹೇಳಲು ಎದ್ದು ನಿಂತ ಹೆಂಗಸು. ಅದೂ ಅಕ್ಕ ಎದ್ದಳೆಂಬ ಒಂದೇ ಕಾರಣಕ್ಕೆ.

"ಅಡ್ಡಿ... ಏನಾದರೂ ಇದೆಯಾ?" ಎಂದರು ಪಾದ್ರಿಗಳು, ಇಲ್ಲ ಎನ್ನಿರಿ ಎಂಬ ದನಿಯಲ್ಲಿ.

"ಇದೆ."

ಅಟ್ಟದಿಂದ ಒಂದು ಪುಸ್ತಕ ಕೆಳಗೆ ಬಿತ್ತು.

"ಶನಿವಾರ ಆರ್ಗನ್ ಯಾರು ನುಡಿಸೋದು?"

ಪಾದ್ರಿಗಳು ಅಟ್ಟದ ಕಡೆ ನೋಡಿದರು. ಇಷ್ಟು ದಿನ ಯಾರಿಗೂ ಇದು ಹೊಳೆದಿರಲಿಲ್ಲ. "ಅದು ನ್ಯಾಯವಾದ ಅಡ್ಡಿ ಅಂತ ಹೇಳೋಕಾಗಲ್ಲ..."

"ನಿಮಗಾಗಲ್ಲ. ಹೆಣ್ಣು ಬಾಗಿಲಿಂದ ಬರುವಾಗ ಮುಂದುಗಡೆ ಗಂಡು ಇರಬೇಕೋ ಬೇಡವೋ?"

"ನಾನೇ ನುಡಿಸಿ ಇಳಿದು ಬರ್ತೀನಿ ಅಕ್ಕ!" ಎಂದಿತು ಪರದೆ.

"ನೀನು ಇಳಿದು ಬರೋ ಹೊತ್ತಿಗೆ ಅವಳಿಗೂ ನನ್ನ ಹಾಗೆ ಮೊಣಕಾಲು ಹಿಡ್ಕೊಂಡಿರುತ್ತೆ. ಬಾಯಲ್ಲಿ ಹಾಡೋಣ. ಇಷ್ಟು ಜನ ಇದ್ದೀವಲ್ಲ." ಪೋಸ್ಟ್ ಮಾಸ್ಟರ್ ಈಗ ಕೆಮ್ಮುವ ಸೋಗನ್ನೂ ಬಿಟ್ಟಿದ್ದರು.

ಔಷಧದಂಗಡಿಯಾಕೆ ನಗಲಿಲ್ಲ. ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡಳು. "ಅದೊಂದೇನಾ ಅಕ್ಕ?"

ಸಭೆ ಅಕ್ಕನ ಹಿಂದೆ, ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ಕಾಯಿತು.

"ಅದೊಂದೇ," ಎಂದಳು ಅಕ್ಕ. "ಬಾ ಮನೆಗೆ." ಎಂದು ಕೂತಳು. ಎಲ್ಲರೂ ಕೂತರು.

ಶನಿವಾರ ಮದುವೆಯಾಯಿತು. ಬಾಯಲ್ಲಿ ಹಾಡಿದರು, ಮೂರನೇ ಚರಣದಲ್ಲಿ ಶ್ರುತಿ ಬಿಟ್ಟುಹೋಯಿತು. ಸಂಜೆ ಔಷಧದಂಗಡಿಯಾಕೆ ಎರಡು ಪೆಟ್ಟಿಗೆಗಳೊಡನೆ ಮನೆಗೆ ಬಂದಳು. ಕಿಟಕಿ ಪಕ್ಕದ ಕಪಾಟು ಅವಳಿಗಾಯಿತು, ಒಲೆ ಮೇಲಿನದು ಅಕ್ಕನಿಗೇ ಉಳಿಯಿತು.