ಸುರಂಗದೊಳಗಿನ ಕೂ

ಅಜ್ಜನ ಕಾಲದ ಆಟಿಕೆ ರೈಲನ್ನು ಮಗಳು ಊಟದ ಮೇಜಿನ ಮೇಲೆ ಬಿಚ್ಚಿ ಹರಡಿದ್ದಳು. ಹಳಿಗಳ ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ಮೋಟಾರಿನ ಸವೆದ ಬ್ರಶ್ಶುಗಳನ್ನು ಬದಲಿಸಿ, ಗಾಲಿಗಳ ಅಚ್ಚಿಗೆ ಸೂಜಿಮೊನೆಯಿಂದ ಎಣ್ಣೆ ಬಿಟ್ಟು, ಎಲ್ಲವನ್ನೂ ಮತ್ತೆ ಜೋಡಿಸಿದಳು. ಇದೆಲ್ಲ ಚಿಕ್ಕಪ್ಪನಿಗಾಗಿ. ಗಂಟಲಿನ ಗಡ್ಡೆಯೊಂದಿಗೆ ವೈದ್ಯರು ಧ್ವನಿಪೆಟ್ಟಿಗೆಯನ್ನೂ ತೆಗೆದ ಮೇಲೆ ಅವರು ಗೋಡೆಗೆ ಮುಖಮಾಡಿ ಕೂರುವುದನ್ನೇ ಅಭ್ಯಾಸ ಮಾಡಿಕೊಂಡಿದ್ದರು.

"ಅಪ್ಪಾ, ಇದಕ್ಕೆ ಸೀಟಿ ಇರಲಿಲ್ವಾ?"

"ಸೀಟಿ ಯಾಕೆ, ನಿನ್ ಚಿಕ್ಕಪ್ಪ ಇವನಿದ್ನಲ್ಲ! ರೈಲು ಸುರಂಗಕ್ಕೆ ನುಗ್ಗಿದ್ರೆ ಸಾಕು, ಮೇಜಿನ ಕೆಳಗೆ ಕೂತು ಕೂ ಅಂತಿದ್ದ. ಊರ ಬಾಯಿಗೆ ಬೀಗ ಹಾಕಬಹುದು, ಇವನ ಬಾಯಿಗಲ್ಲ ಅಂತ ಅಮ್ಮ..." ಎಂದ ಅಪ್ಪ ನಾಲಿಗೆ ಕಚ್ಚಿಕೊಂಡರು.

ಚಿಕ್ಕಪ್ಪ ಗೋಡೆಯಿಂದ ಮೇಜಿನತ್ತ ತಿರುಗಿ ನಕ್ಕರು. ಸದ್ದಿಲ್ಲದ ನಗೆ.

ಮಗಳು ವಿದ್ಯುತ್ ಪೆಟ್ಟಿಗೆಯ ಗುಂಡಿ ತಿರುಗಿಸಿದಳು. ರೈಲು ರಟ್ಟಿನ ಸುರಂಗವನ್ನು ಹೊಕ್ಕಿತು.

"ಕೂ...!"

ಹುಡುಗನೊಬ್ಬನ ಬಾಯ್ತುಂಬಿದ ದನಿ. ಅವಳು ಮೇಜಿನ ಕೆಳಗೆ ಬಗ್ಗಿ ನೋಡಿದಳು, ಯಾರೂ ಇಲ್ಲ. ಸುರಂಗವನ್ನು ಎತ್ತಿಟ್ಟು ಓಡಿಸಿದಾಗ ಮೋಟಾರಿನ ಗುಂಯ್‌ಗುಡುವಿಕೆ ಮಾತ್ರ. ಮತ್ತೆ ಮುಚ್ಚಿದೊಡನೆ ಅದೇ ಕೂಗು.

"ನಿಂದೇ ಕಣೋ!" ಎಂದು ಅಪ್ಪ ತಮ್ಮನ ಭುಜ ಹಿಡಿದು ಅಲುಗಿಸಿದರು. ಕಣ್ಣೀರಿಡುತ್ತಿದ್ದ ಚಿಕ್ಕಪ್ಪ ಬೆರಳೆತ್ತಿ ತೋರಿಸಿದರು: ಇನ್ನೊಮ್ಮೆ.

ಇನ್ನೊಮ್ಮೆ, ಮತ್ತೊಮ್ಮೆ. ಸುತ್ತು ಸುತ್ತಿಗೂ ಕೂಗು ಮೊಟಕಾಗುತ್ತಿರುವುದನ್ನು ಅವಳು ಗಮನಿಸಿದಳು. ಮೊದಲು ಸುರಂಗದುದ್ದಕ್ಕೂ ಇದ್ದದ್ದು ಈಗ ಕಡೆಯ ಡಬ್ಬಿ ಒಳಹೋಗುವ ಮೊದಲೇ ತುಂಡಾಗುತ್ತಿತ್ತು. ವಿದ್ಯುತ್ತು ಬದಲಾಗಿರಲಿಲ್ಲ, ವೇಗವೂ ಅಷ್ಟೇ.

"ಸಾಕಪ್ಪಾ. ಖಾಲಿ ಆಗ್ತಿದೆ."

"ಏನು?"

"ದನಿ. ಅಲ್ಲಿರೋದೇ ಇಷ್ಟು ಅನ್ಸುತ್ತೆ."

"ಇನ್ನೊಂದೇ ಒಂದ್ಸಲ ಕಣೇ. ನನ್ ತಮ್ಮ ಮಾತಾಡಿ ಎಷ್ಟು ಕಾಲ ಆಯ್ತು!"

ಅವಳು ತಡೆಯುವಷ್ಟರಲ್ಲಿ ಅಪ್ಪ ಗುಂಡಿ ತಿರುಗಿಸಿಬಿಟ್ಟರು. ರೈಲು ಹೊರಟಿತು. ಸುರಂಗದ ಬಾಯಲ್ಲಿ ಚಿಕ್ಕಪ್ಪ ಎಂಜಿನ್ನನ್ನು ಗಬಕ್ಕನೆ ಹಿಡಿದೆತ್ತಿ, ಇನ್ನೊಂದು ಕೈಯಿಂದ ತಂತಿ ಕಿತ್ತರು.

"ಕೇಳಿಸೋ, ನಿನ್ ದಮ್ಮಯ್ಯ!" ಅಪ್ಪ ಅಂಗಲಾಚಿದರು.

ಚಿಕ್ಕಪ್ಪ ಬೇಡವೆಂದು ತಲೆಯಾಡಿಸಿ ಎಂಜಿನ್ನನ್ನು ಎದೆಗವಚಿಕೊಂಡರು. ಗಾಲಿಗಳು ನಿಂತಿದ್ದವು. ಆ ಮೌನದಲ್ಲಿ, ಕೂಗುವ ಮುನ್ನ ಮಗು ಒಳಗೆಳೆದುಕೊಳ್ಳುವಂಥ ಉಸಿರೊಂದು ಎಂಜಿನ್ನಿನ ತಗಡಿನೊಳಗಿನಿಂದ ಸ್ಪಷ್ಟವಾಗಿ ಕೇಳಿಸಿತು.

ಆ ಉಸಿರು ಹೊರಹೋಗದಂತೆ ಚಿಕ್ಕಪ್ಪ ಅದರ ಹೊಗೆಕೊಳವೆಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದರು.