ಎರಡನೆಯ ಆಸನ

"ಇದನ್ನು ಇಲ್ಲಿ ಇಟ್ಟದ್ದು ಯಾರು?" ಎನ್ನುತ್ತ ಲಿಯೋನೆಲ್ ತನ್ನ ತಮ್ಮ ಓಸ್ವಾಲ್ಡ್‌ನ ಶವಪೆಟ್ಟಿಗೆಯಿಂದ ಸ್ಪೈರಲ್ ಹಾಕಿದ ಪುಸ್ತಕವೊಂದನ್ನು ಹೊರಗೆಳೆದ. ರಟ್ಟಿನ ಮೇಲೆ ತೆಂಗಿನಮರಕ್ಕಿಂತ ಎತ್ತರದ ರೋಬೋಟೊಂದು ಮಲ್ಪೆಯ ಬೋಟುಗಳ ನಡುವೆ ನಿಂತಿತ್ತು. ಜಪಮಾಲೆ ಹಿಡಿದ ಕೈಗಳ ಪಕ್ಕ ಅಂಥದ್ದು ಇರುವುದು ಸಂತೆಕಟ್ಟೆಯ ಆ ಮನೆಯಲ್ಲಿ ಸೇರಿದ್ದ ಯಾರಿಗೂ ಸರಿಕಾಣಲಿಲ್ಲ.

"ನಾ ಇಟ್ಟೀನ್ರೀ," ಎಂದ ಬಾಗಿಲ ಬಳಿ ನಿಂತಿದ್ದ ಕರಿಬಸವ. ಬಾಗಲಕೋಟೆ ಕಡೆಯವನು, ಮಣಿಪಾಲದ ಹಾಸ್ಟೆಲೊಂದರ ವಾಚ್‌ಮನ್. "ಅವರಽ ಬರೆದ ಪುಸ್ತಕ. ಅವರ ಕೂಡ ಹೋಗ್ಲಿ ಅಂತ."

"ಫಾದರ್ ಈಗ ಬರುತ್ತಾರೆ ಮಾರಾಯ. ಇದೆಂತ ರಾಕ್ಷಸನ ಚಿತ್ರ!"

ಬಗ್ಗದ ಎಡಗಾಲು ಚಾಚಿ ಕುರ್ಚಿಯಲ್ಲಿ ಕೂತಿದ್ದ ಓಸ್ವಾಲ್ಡ್‌ನ ಹೆಂಡತಿ ಅಪೊಲೋನಿಯಾ ತಲೆಯೆತ್ತಿದಳು. ಆರು ವರ್ಷ, ಪ್ರತಿ ಭಾನುವಾರ, ಊಟವಾದದ್ದೇ ತಡ, ಗಂಡ ಮಣಿಪಾಲದ ಬಸ್ಸು ಹತ್ತುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಅವಳು ಒಬ್ಬಳೇ ಗೋಡೆ ನೋಡುತ್ತಿದ್ದಳು. ನನ್ನ ಮುಖ ನೋಡಿ ಸಾಕಾಗಿಯೇ ಹೋಗುತ್ತಾರೆ ಎಂದು ತಿಳಿದಿದ್ದಳು. ನಿನ್ನೆಯಿಂದ ಅವಳನ್ನು ಸುಡುತ್ತಿದ್ದದ್ದು ಸಾವಿಗಿಂತ ಹೆಚ್ಚಾಗಿ ಅದೇ.

*

ಓಸ್ವಾಲ್ಡ್ ಮಣಿಪಾಲದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ, ಓದು ಮುಗಿಸಿ ಹೊರಟ ವಿದ್ಯಾರ್ಥಿಗಳು ಪರದೇಶದ ಆಟದ ಪುಸ್ತಕವೊಂದನ್ನು ಅವನಿಗೆ ಬಿಟ್ಟುಹೋದರು. ಆಡುವುದು ಕಾಗದ, ಪೆನ್ಸಿಲು, ದಾಳಗಳಿಂದ. ಆದರೆ ಕಲ್ಪನೆಯಲ್ಲಿ ಆಡುವವನು ದೈತ್ಯ ರೋಬೋಟಿನ ಎದೆಯೊಳಗೆ ಕೂತು ಅದನ್ನು ನಡೆಸುವವನು. ರೋಬೋಟು ಹೊರುವುದು ನೂರು ತೂಕ ಮಾತ್ರ. ತೋಪು ಬೇಕೋ, ಕವಚ ಬೇಕೋ, ಅವನೇ ಆರಿಸಿಕೊಳ್ಳಬೇಕು. ಪುಸ್ತಕದ ಸಲಕರಣೆ ಸಾಲದೆಂದು ಓಸ್ವಾಲ್ಡ್ ಹಾಳಾದ ಜೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ತನ್ನದೇ ಪುರವಣಿ ಬರೆಯತೊಡಗಿದ. ಬಲೆ ಎಳೆಯುವ ತೋಳು, ಹೊಟ್ಟೆಯಲ್ಲಿ ಮಂಜುಗಡ್ಡೆಯ ಕೋಣೆ, ಹೀಗೆ ತಲೆಗೆ ಬಂದದ್ದೆಲ್ಲ.

ಒಮ್ಮೆ ಹೆಂಡತಿಗೆ, "ನೀನೂ ಬಾ, ಆಟ ಉಂಟು," ಎಂದ.

"ಐವತ್ತು ದಾಟಿದ ಮೇಲೆ ಮಕ್ಕಳಾಟವಾ? ಇಗರ್ಜಿಯವರು ಕೇಳಿದರೆ ಎಂತ ಹೇಳಿಯಾರು? ಇನ್ನು ನನ್ನ ಹತ್ತಿರ ಆ ಮಾತು ಎತ್ತಬೇಡಿ."

ಅವನು ಎತ್ತಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಕೇಳುವುದು ಓಸ್ವಾಲ್ಡ್‌ನ ಕೆಟ್ಟ ಗುಣ. "ಮಣಿಪಾಲಕ್ಕೆ ಹೋಗಿ ಬರುತ್ತೇನೆ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟುತ್ತಿದ್ದ. ಆಟ ಅಂದೇ ನಿಂತಿತೆಂದು ಅವಳು ತಿಳಿದಳು.

*

"ಭಾನುವಾರ ಅಲ್ಲಿ ಯಾರಿದ್ದರು?" ಅಪೊಲೋನಿಯಾ ಕರಿಬಸವನನ್ನು ಕೇಳಿದಳು.

"ನಾವಿಬ್ಬರಽ ರೀ ಅಮ್ಮಾರ. ಹಾಸ್ಟೆಲ್ ಮೆಟ್ಟಿಲ ಮ್ಯಾಲ ಕೂತು ಆಡ್ತಿದ್ವಿ. ಪಾಪ, ಪ್ರತಿ ಸಲ ಅವರಽ ಸೋಲ್ತಿದ್ರು."

"ಯಾಕೆ?"

"ರೋಬೋಟಿಗೆ ಒಂದಽ ಸೀಟ್ ಇರ್ತದ್ರಿ. ಇವರು ಎರಡು ಹಾಕಿದ್ರು. ಆ ಭಾರಕ್ಕ ತೋಪು ಇಡಾಕ ಆಗ್ತಿದ್ದಿಲ್ಲ. ಖಾಲಿ ಸೀಟ್ ತೆಗೀರಿ ಅಂದ್ರ, ಖಾಲಿ ಅಲ್ಲ ಮಾರಾಯ ಅಂತಿದ್ರು."

ಅವಳು ಕೈ ಚಾಚಿದಳು. ಲಿಯೋನೆಲ್ ಪುಸ್ತಕ ಕೊಟ್ಟ. ಕರಿಬಸವ ಬಗ್ಗಿ ಪುಟ ತೆಗೆದು ತೋರಿಸಿದ.

'ಎರಡನೆಯ ಆಸನ. ತೂಕ: ನಲವತ್ತು. ಎಡ ಮೊಣಕಾಲು ಬಗ್ಗದವರಿಗೆ ಗಿಡ್ಡ ಮೆಟ್ಟಿಲುಗಳು. ಬಸ್ಸಿನಲ್ಲಿ ವಾಂತಿ ಬರುವವರಿಗೆ ಲಿಂಬೆ ಪೆಪ್ಪರ್‌ಮಿಂಟಿನ ಡಬ್ಬ. ಕೂತಲ್ಲಿಂದ ಸಮುದ್ರ ಕಾಣುವ ಕಿಟಕಿ. ಇದನ್ನು ಕಳಚುವಂತಿಲ್ಲ.'

ನಿನ್ನೆಯಿಂದ ಬಾರದ ಅಳು ಈಗ ಬಂತು. "ಇನ್ನೊಂದು ಸಲ ಕರೆಯಬಾರದಿತ್ತಾ?" ಎಂದು ಅವಳು ಪೆಟ್ಟಿಗೆಯತ್ತ ತಿರುಗಿ ಗದರಿದಳು. "ನಾನು ಬೇಡ ಅಂದರೆ ಬೇಡವೇ ಆಯಿತಾ?"

ಇಗರ್ಜಿಯ ಗಂಟೆ ಒಂದೊಂದೇ ಬಡಿಯತೊಡಗಿತು. ಫಾದರ್ ಬಂದು ಪ್ರಾರ್ಥನೆ ಮುಗಿಸಿದರು. ಲಿಯೋನೆಲ್ ಮತ್ತು ಇನ್ನೊಬ್ಬರು ಮುಚ್ಚಳವನ್ನು ಎತ್ತಿ ಹಿಡಿದು ಅವಳ ಕಡೆ ನೋಡಿದರು. ಶಿಲುಬೆ ಹಿಡಿದವನು ಆಗಲೇ ಅಂಗಳಕ್ಕಿಳಿದಿದ್ದ. ಅಪೊಲೋನಿಯಾ ಬೆರಳನ್ನು ನಾಲಿಗೆಗೆ ತಾಗಿಸಿ ಮುಂದಿನ ಪುಟ ತಿರುಗಿಸಿದಳು.